ಲಂಡನ್ನಿಗೆ ಕೊಳವಿ ಹಾಕಿದ ಮಾವ

ಮಾವ ನಮ್ಮ ಮನೆಗೆ ಬಂದರೆ ಚಪ್ಪಲಿ ಬಿಟ್ಟು, ಕಾಲಿಗೆ ನೀರು ಹಾಕಿಕೊಂಡು, ನೇರವಾಗಿ ಹೋಗುತ್ತಿದ್ದದ್ದು ಅಡುಗೆಮನೆಯ ಅಕ್ಕಿ ಡಬ್ಬಿಯ ಕಡೆಗೆ. ಮುಚ್ಚಳ ತೆಗೆದು, ಮೊಣಕೈ ತನಕ ಕೈ ಇಳಿಸಿ, ಮೇಲಿನಿಂದಲೂ ಅಲ್ಲ, ತಳದಿಂದಲೂ ಅಲ್ಲ, ನಡುವಿನಿಂದ ಒಂದು ಚಿಟಿಕೆ ತೆಗೆದು ಅಂಗೈಯಲ್ಲಿ ಹರಡುತ್ತಿದ್ದರು. ಕಣ್ಣು ಸಣ್ಣಗೆ ಮಾಡಿ ನೋಡಿ, ಒಂದು ಕಾಳನ್ನು ಬಲಗಡೆಯ ದವಡೆಗೆ ಇಟ್ಟು ಕಚ್ಚುತ್ತಿದ್ದರು. ‘ಕಟಕ್’ ಅಂತ ಸದ್ದು ಬಂದರೆ ಮುಖ ಅರಳುತ್ತಿತ್ತು. ಬರದಿದ್ದರೆ ನಮ್ಮವ್ವನ ಕಡೆ ತಿರುಗುತ್ತಿದ್ದರು.

“ಯಾವನ್ ಕೊಟ್ಟಾನವ್ವ ಈ ಅಕ್ಕಿ?”

“ನೀವ ಕಳಿಸಿದ್ದು, ಅಣ್ಣಾ. ಹೋದ ವಾರ.”

“ಹಂಗಾದ್ರ ನಿನ್ನ ಡಬ್ಬಿ ಹಸಿ ಐತಿ.”

ಅವರು ತೀರಿಕೊಂಡ ಸುದ್ದಿ ಹೋದ ವಾರ ಸಿರುಗುಪ್ಪದಿಂದ ಬಂತು. ಹೆಸರು ಬರೆಯುವುದಿಲ್ಲ. ಬರೆದರೆ ಅವರಿಗೆ ಸೇರುತ್ತಿರಲಿಲ್ಲ. ದೊಡ್ಡ ಅಕ್ಷರದಲ್ಲಿ ಹೆಸರು ಬರೆದ ಚೀಲ ಬಂದರೆ ಅದನ್ನು ಅವರು ಎರಡು ಸಲ ನೋಡುತ್ತಿದ್ದರು. ನಮ್ಮವ್ವನ ತವರೂರು ಕುರುಗೋಡು, ಅವರದೂ ಕುರುಗೋಡು. ಆ ಲೆಕ್ಕದಲ್ಲಿ ಅವ್ವನಿಗೆ ಅಣ್ಣ, ನನಗೆ ಮಾವ. ನನ್ನ ದೆಸೆಯಿಂದ ಇಡೀ ಓಣಿಗೇ ಮಾವ ಆಗಿಬಿಟ್ಟಿದ್ದರು.

ಸಿರುಗುಪ್ಪದ ಒಂದು ಅಕ್ಕಿ ಮಿಲ್ಲಿನಲ್ಲಿ ಅವರ ಕೆಲಸ ಕಾಳು ನೋಡುವುದು. ದೇಶನೂರು ಕಡೆಯಿಂದ, ಕಾಲುವೆ ನೀರಿನ ಎಲ್ಲ ಹಳ್ಳಿಗಳಿಂದ ನೆಲ್ಲಿನ, ಅಂದರೆ ಭತ್ತದ, ಗಾಡಿಗಳು ಬಂದು ಮಿಲ್ಲಿನ ಮುಂದೆ ಸಾಲಾಗಿ ನಿಲ್ಲುತ್ತಿದ್ದವು. ಮಾವ ಕೈಯಲ್ಲಿ ಒಂದು ಮೊಳದುದ್ದದ ಕಬ್ಬಿಣದ ಕೊಳವಿ ಹಿಡಿದು ಬರುತ್ತಿದ್ದರು. ಮುಂದೆ ಚೂಪು, ಒಂದು ಕಡೆ ಬಾಯಿ ತೆರೆದದ್ದು. ಅದನ್ನು ಚೀಲದ ಹೊಟ್ಟೆಗೆ ಚುಚ್ಚಿದರೆ ನಡುವಿನ ಕಾಳು ಸುರ್ರನೆ ಅಂಗೈಗೆ ಇಳಿಯುತ್ತಿತ್ತು. ಉಜ್ಜಿ, ಊದಿ, ಕಚ್ಚಿ ಒಂದೇ ಮಾತು ಹೇಳುತ್ತಿದ್ದರು. ‘ಗಟ್ಟಿ’ ಅಂದರೆ ತೂಕಕ್ಕೆ ಹೋಗುತ್ತಿತ್ತು. ‘ಹಸಿ’ ಅಂದರೆ ಎರಡು ಬಿಸಿಲು ಒಣಗಿಸಿ ತರಬೇಕು. ‘ನುಚ್ಚು’ ಅಂದರೆ ಮಿಲ್ಲಿಗೆ ಹಾಕಿದರೆ ಮುರಿಯುತ್ತದೆ. ‘ಜೊಳ್ಳು’ ಅಂದರೆ ಗಾಡಿ ತಿರುಗಿಸಿಕೊಂಡು ಹೋಗಬೇಕು. ಈ ನಾಲ್ಕು ಮಾತಿನ ಮೇಲೆ ಐದನೆಯದನ್ನು ಅವರು ಮಿಲ್ಲಿನಲ್ಲಿ ಆಡಿದ್ದನ್ನು ಕೇಳಿದವರಿಲ್ಲ.

ಹಲ್ಲು ಅವರ ಕಸುಬಿನ ಹತಾರ. ಅದಕ್ಕೇ ಎಲೆಅಡಿಕೆ ಹಾಕುತ್ತಿರಲಿಲ್ಲ. ಅಮಾವಾಸ್ಯೆಗೆ ಮಿಲ್ಲು ರಜಾ. ಅವತ್ತು ಮಾತ್ರ ಬೆಳಗಿನಿಂದ ಸಂಜೆಯ ತನಕ ಕಟ್ಟೆಯ ಮೇಲೆ ಕೂತು, ತಿಂಗಳ ಬಾಕಿಯನ್ನೆಲ್ಲ ತೀರಿಸುವವರ ಹಾಗೆ ಜಗಿಯುತ್ತಿದ್ದರು. ಮುಂದಿನ ಒಂದು ಹಲ್ಲು ಅರ್ಧ ಮುರಿದಿತ್ತು. ಯಾರಾದರೂ ಕೇಳಿದರೆ, “ನೌಕರಿ ಮ್ಯಾಲ ಇದ್ದಾಗ ಹೋಯ್ತು,” ಅನ್ನುತ್ತಿದ್ದರು, ಗಾಯಗೊಂಡ ಸಿಪಾಯಿಯ ಧಾಟಿಯಲ್ಲಿ.

ಈ ನಡುವಿನ ಕಾಳಿನ ಚಾಳಿ ಮಿಲ್ಲಿನ ಗೇಟಿಗೆ ನಿಂತಿದ್ದರೆ ನಾನು ಈ ಬರಹ ಬರೆಯಬೇಕಿರಲಿಲ್ಲ. ಪೇಪರು ಕೊಟ್ಟರೆ ನಡುಪುಟ ತೆಗೆದು ಓದುತ್ತಿದ್ದರು. ಮದ್ರಾಸಿನವರ ಆಳ್ವಿಕೆಯ ಕಾಲದಲ್ಲಿ ಸಾಲಿ ಕಲಿತವರಾದ್ದರಿಂದ ಅವರಿಗೆ ಕನ್ನಡಕ್ಕಿಂತ ತೆಲುಗು ಓದು ಸಲೀಸು. ಯಾವ ಭಾಷೆಯಾದರೂ ನಡುವಿನಿಂದಲೇ. ಮದುವೆ ಊಟದಲ್ಲಿ ಬಡಿಸುವವನಿಗೆ, “ಅನ್ನ ನಡು ಪಾತ್ರಿಯಿಂದ ಹಾಕಪ,” ಅಂತ ಹೇಳಿ ಇಡೀ ಪಂಕ್ತಿಯನ್ನು ನಿಲ್ಲಿಸುತ್ತಿದ್ದರು. ಹೆಣ್ಣು ನೋಡಲು ಗಂಡು ನೋಡಲು ನಮ್ಮ ಓಣಿಯವರು ಅವರನ್ನು ಕರೆದುಕೊಂಡು ಹೋಗುತ್ತಿದ್ದರು. ಎಲ್ಲರೂ ಪಡಸಾಲೆಯಲ್ಲಿ ಅವಲಕ್ಕಿ ತಿನ್ನುತ್ತಿದ್ದರೆ ಮಾವ ಮೆಲ್ಲಗೆ ಎದ್ದು ಆ ಸಾಲಿನ ಮೂರನೇ ಮನೆಗೆ ಹೋಗಿ ನೀರು ಕೇಳುತ್ತಿದ್ದರು.

“ಬಗಲ ಮನಿಯವ್ರು ಒಂದೋ ದೋಸ್ತರಿರ್ತಾರ, ಇಲ್ಲಾ ವೈರಿಗಳಿರ್ತಾರ. ಖರೆ ಬೇಕಂದ್ರ ಮೂರನೇ ಮನಿ ಕೇಳ್ಬೇಕು,” ಅನ್ನುವುದು ಅವರ ಲೆಕ್ಕ.

ನಮ್ಮಪ್ಪ ಅದೇ ಮಿಲ್ಲಿನ ಗುಮಾಸ್ತ. ನಾನು ಬಳ್ಳಾರಿಯಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದು ಬಿ.ಎಸ್ಸಿ. ಓದಿ, ಫಸ್ಟ್ ಕ್ಲಾಸಿನಲ್ಲಿ ಪಾಸಾಗಿ ಊರಿಗೆ ಬಂದಿದ್ದೆ. ಎಪ್ಪತ್ತರ ದಶಕದ ಮೊದಲ ವರ್ಷಗಳು. ಮುಂದೇನು ಅನ್ನುವುದಕ್ಕೆ ಅಪ್ಪನ ಹತ್ತಿರ ಉತ್ತರ ಸಿದ್ಧವಿತ್ತು: ಕುರುಗೋಡು. ಅಲ್ಲಿನ ಒಂದು ಮನೆಯವರು ಬಂದು ನನ್ನನ್ನು ನೋಡಿ ಹೋಗಿದ್ದರು. ಹೆಣ್ಣು ಅವರಿಗೆ ಒಪ್ಪಿಗೆಯಾಗಿತ್ತು. ಸೋಮವಾರದೊಳಗೆ ನಮ್ಮ ಮಾತು ತಿಳಿಸಬೇಕಿತ್ತು.

ಅದೇ ವಾರದ ಪೇಪರಿನಲ್ಲಿ ಆ ಜಾಹೀರಾತು ಬಂತು. ಬಳ್ಳಾರಿಯ ಒಂದು ಕಲ್ಯಾಣ ಮಂಟಪದಲ್ಲಿ ಭಾನುವಾರ ‘ವಿದೇಶ ವಿದ್ಯಾಭ್ಯಾಸ ಮೇಳ’. ಲಂಡನ್, ಅಮೆರಿಕ, ರಷ್ಯ. ಪ್ರತಿಭಾವಂತರಿಗೆ ಪೂರ್ತಿ ಉಚಿತ. ಪ್ರವೇಶ ಅಲ್ಲಿಯೇ, ಆಗಲೇ. ನಿಜ ಹೇಳುವುದಾದರೆ ನನಗೆ ಲಂಡನ್ ಬೇಕಿರಲಿಲ್ಲ. ಇನ್ನೆರಡು ವರ್ಷ ಓದು ಬೇಕಿತ್ತು. ಆದರೆ ಮನೆಯಲ್ಲಿ ತೋರಿಸಲು ಕೈಗೆ ಸಿಕ್ಕ ಕಾಗದ ಲಂಡನ್ನಿನದು. ಅದನ್ನೇ ಕತ್ತರಿಸಿ ಅಪ್ಪನ ಪಂಚಾಂಗದಲ್ಲಿ, ಆ ವಾರದ ಪುಟದಲ್ಲಿ ಇಟ್ಟೆ.

ಅಪ್ಪ ಓದಿ ಅವ್ವನಿಗೆ ಹೇಳಿದ. ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

“ಬಳ್ಳಾರ್‍ಯಾಗಂದ್ರ ಚಿಕ್ಕಮ್ಮ ಇದ್ಲು. ಲಂಡನ್ನಿನಾಗ ನಮ್ಮವ್ರು ಯಾರದಾರ?”

“ಪುಕ್ಕಟ ಐತಂತ,” ಅಂದ ಅಪ್ಪ. ಆ ಒಂದು ಶಬ್ದ ಇರದಿದ್ದರೆ ಅವನಿಗೆ ಬೇಡ ಅನ್ನಲು ನೂರು ದಾರಿಯಿದ್ದವು. ಪುಕ್ಕಟೆಯಾಗಿ ಬಂದದ್ದನ್ನು ನೋಡದೆ ಬಿಡುವುದು ಅವನ ಸ್ವಭಾವದಲ್ಲಿರಲಿಲ್ಲ. ಎರಡು ದಿನ ಗಡ್ಡ ಕೆರೆದುಕೊಂಡು ಕೊನೆಗೆ ತೀರ್ಪು ಕೊಟ್ಟ. “ಮಾವಾರು ನೋಡಿ ಬರ್ಲಿ. ಅವ್ರು ಗಟ್ಟಿ ಅಂದ್ರ ಕಳ್ಸೋಣ. ಜೊಳ್ಳು ಅಂದ್ರ ಸೋಮವಾರ ಕುರುಗೋಡಿಗೆ ಹೂಂ ಅಂತ ಹೇಳೋದು. ಆಮ್ಯಾಲ ನೀನು ಒಂದ್ ಮಾತ್ ಆಡಬಾರ್ದು.”

ನಾನು ತಲೆ ಆಡಿಸಿದೆ. ಹೀಗೆ ನನ್ನ ಓದು ಗಾಡಿಯಲ್ಲಿ ಬಂದ ನೆಲ್ಲಿನ ಹಾಗೆ ಮಾವನ ಕೊಳವಿಯ ಮುಂದೆ ಬಂದು ನಿಂತಿತು.

ಶನಿವಾರ ಸಂಜೆ ಮಾವ ಬಂದರು. ಅಕ್ಕಿ ಡಬ್ಬಿ ನೋಡಿದ ಮೇಲೆ ನನ್ನನ್ನು ಕರೆದರು.

“ನಾಳೆ ಏನೇನ್ ತಗೊಂಡ್ ಬರ್ತೀಯವ್ವ?”

“ಮಾರ್ಕ್ಸ್ ಕಾರ್ಡು, ಟಿ.ಸಿ., ಪ್ರಿನ್ಸಿಪಾಲರು ಬರ್‍ಕೊಟ್ಟ ಪತ್ರ.”

“ಇವೆಲ್ಲ ಚೀಲದ ಬಾಯಿ. ಬಾಯಾಗ ಎಲ್ಲಾರೂ ಬಂಗಾರದಂಥ ಕಾಳ ಇಟ್ಟಿರ್ತಾರ. ಲಂಡನ್ನಿನವ್ರು ಅಷ್ಟು ದೂರದಿಂದ ಬಂದಾರಂದ್ರ ಶಾಣ್ಯಾರ ಇರ್ತಾರ. ಬಾಯಿ ನೋಡಂಗಿಲ್ಲ. ನಡುವಿಂದು ತಗೋ.”

“ನಡುವಿಂದು ಅಂದ್ರ ಮಾವ?”

“ಮೂರ್ ವರ್ಷ ಓದೀ ಅಲ್ಲ? ಎರಡನೇ ವರ್ಷ. ಅದ್ರಾಗೂ ನಡುವಿನ ತಿಂಗಳು. ಆವಾಗ ಏನ್ ಬರದೀ?”

ಎರಡನೇ ವರ್ಷದ ನಡುವಿನ ತಿಂಗಳಲ್ಲಿ ನಾನು ಬರೆದದ್ದು ಎರಡು. ಒಂದು ಸಸ್ಯಶಾಸ್ತ್ರದ ಪ್ರಾಕ್ಟಿಕಲ್ ರೆಕಾರ್ಡು. ಇನ್ನೊಂದು ಜ್ವರದಲ್ಲಿ ಬರೆದ ಟೆಸ್ಟು. ಅದರಲ್ಲಿ ಅರ್ಧಕ್ಕರ್ಧ ಅಂಕವೂ ಬಂದಿರಲಿಲ್ಲ. ಎರಡನ್ನೂ ಮಾವ ಚೀಲಕ್ಕೆ ಹಾಕಿಸಿದರು. ಮಾರ್ಕ್ಸ್ ಕಾರ್ಡನ್ನು ತಾವೇ ಟ್ರಂಕಿನಲ್ಲಿಟ್ಟು, ಬೀಗ ಹಾಕಿ, ಕೀಲಿಯನ್ನು ಅವ್ವನ ಸೊಂಟಕ್ಕೆ ಸಿಕ್ಕಿಸಲು ಹೇಳಿದರು. ನಾನು ಬಾಯಿ ತೆಗೆಯಲು ಹೋದೆ. ಅಪ್ಪ ನನ್ನ ಕಡೆ ನೋಡಿದ. ಮುಚ್ಚಿಕೊಂಡೆ.

ಭಾನುವಾರ ಮಿಲ್ಲಿಗೆ ಗಾಡಿ ಬರುವುದಿಲ್ಲ. ಮೊದಲ ಬಸ್ಸು ಹಿಡಿದೆವು. ಮಾವ ಒಗೆದ ಧೋತರ ಉಟ್ಟು, ತುಂಬುತೋಳಿನ ಬಿಳಿ ಅಂಗಿ ತೊಟ್ಟು ಬಂದಿದ್ದರು. ಬಗಲಲ್ಲಿ ಬಟ್ಟೆ ಚೀಲ. ಅದರ ಬಾಯಿಂದ ಕೊಳವಿಯ ತುದಿ ಹೊರಗೆ ಇಣುಕುತ್ತಿತ್ತು. ತೆಕ್ಕಲಕೋಟೆ ದಾಟುವಾಗ ಕಂಡಕ್ಟರು ನೋಡಿದ.

“ಏನ್ರಿ ಯಜಮಾನ್ರ, ಭರ್ಜಿ ಹಿಡ್ಕೊಂಡ್ ಯಾರ ಮ್ಯಾಲ ದಂಡೆತ್ತಿ ಹೊಂಟೀರಿ?”

“ಲಂಡನ್ ಮ್ಯಾಲ,” ಅಂದರು ಮಾವ. ಬಸ್ಸೆಲ್ಲ ನಕ್ಕಿತು. ಅವರು ನಗಲಿಲ್ಲ.

ಕಲ್ಯಾಣ ಮಂಟಪದ ಬಾಗಿಲಲ್ಲಿ ಹಿಂದಿನ ದಿನದ ಮದುವೆಯ ಬಾಳೆಕಂಬ ಇನ್ನೂ ನಿಂತಿತ್ತು. ಮೇಲೆ ಬಣ್ಣದ ಕಾಗದದಲ್ಲಿ ಕತ್ತರಿಸಿದ ಮದುಮಕ್ಕಳ ಹೆಸರು. ಅಂಗಳದಲ್ಲಿ ಕೊಪ್ಪರಿಗೆ ತಿಕ್ಕುತ್ತಿದ್ದ ಹೆಂಗಸು ನಮ್ಮನ್ನು ನೋಡಿ ಹಣೆ ಬಡಿದುಕೊಂಡಳು.

“ಅಯ್ಯ, ನಿನ್ನೇನ ಆಯ್ತಲ್ರಿ ಮದುವಿ! ಹೆಣ್ಣಿನ ಕಡೆಯವ್ರೋ, ಗಂಡಿನ ಕಡೆಯವ್ರೋ?”

“ಲಂಡನ್ ಕಡೆಯವ್ರು,” ಅಂದರು ಮಾವ.

“ಅವ್ರಾ? ಒಳಗ ಅದಾರ, ಹೋಗ್ರಿ. ಮೂರು ಮಂದಿ ಬಂದು ಬೆಳಿಗ್ಗಿ ನಮ್ಮ ಉಳಿದ ಚಿತ್ರಾನ್ನನ ತಿಂದ್ರು.”

ಒಳಗೆ ಮೂರು ಮೇಜು. ಪ್ರತಿಯೊಂದರ ಹಿಂದೆ ರಟ್ಟಿನ ಮೇಲೆ ಬರೆದ ಒಂದೊಂದು ದೇಶ. ಅಮೆರಿಕದಲ್ಲಿ ಯಾರೂ ಇರಲಿಲ್ಲ. ಖಾಲಿ ಕುರ್ಚಿಯ ಬೆನ್ನಿಗೆ ಒಂದು ಕೋಟು ನೇತುಬಿದ್ದಿತ್ತು. ರಷ್ಯದ ಮೇಜಿನ ಮೇಲೆ ಒಬ್ಬ ತಲೆಯಿಟ್ಟು ಮಲಗಿದ್ದ. ಲಂಡನ್ನಿನಲ್ಲಿ ಮಾತ್ರ ಒಬ್ಬ ಹುಡುಗ ಕೋಟು, ಟೈ ಹಾಕಿಕೊಂಡು ಎಚ್ಚರವಾಗಿದ್ದ. ಕರೆಂಟು ಹೋಗಿತ್ತು. ಬಳ್ಳಾರಿಯ ಬಿಸಿಲಿಗೆ ಅವನ ಕೊರಳಪಟ್ಟಿ ತೊಯ್ದು ಮೈಗೆ ಅಂಟಿಕೊಂಡಿತ್ತು. ಎದುರಿಗೆ ಮದುವೆಯ ಕುರ್ಚಿಗಳಲ್ಲಿ ನಾಲ್ಕೈದು ಜನ ತಂದೆಯರು, ಪಕ್ಕದಲ್ಲಿ ಅವರವರ ಮಕ್ಕಳು, ಡಾಕ್ಟರ ಸರದಿ ಕಾಯುವವರ ಹಾಗೆ ಕೂತಿದ್ದರು.

ನಮ್ಮ ಸರದಿ ಬಂತು.

“ವೆಲ್ಕಮ್ ಸರ್! ಕ್ಯಾಂಡಿಡೇಟ್ ಎಲ್ಲಿ? ನಿಮ್ಮ ಮಗನಾ?”

“ಈಕಿ,” ಅಂದರು ಮಾವ.

ಹುಡುಗ ನನ್ನ ಎರಡು ಜಡೆ, ಕೈಯಲ್ಲಿನ ಬಟ್ಟೆ ಚೀಲ ನೋಡಿ ಸಾವರಿಸಿಕೊಂಡ. ಮೇಜಿನ ಮೇಲೆ ದಾರದಲ್ಲಿ ಕಟ್ಟಿದ ಪುಸ್ತಿಕೆಗಳ ದೊಡ್ಡ ಕಟ್ಟು ಇತ್ತು. ಮೇಲಿನದನ್ನು ಎಳೆದು ಕೊಟ್ಟ. ನುಣುಪು ಕಾಗದ. ಮುಖಪುಟದಲ್ಲಿ ಕೋಟೆಯಂಥ ಕಟ್ಟಡ, ಹಸಿರು ಹುಲ್ಲು, ಅದರ ಮೇಲೆ ಪುಸ್ತಕ ಹಿಡಿದು ಕೂತ ಕೆಂಚುಗೂದಲ ಹುಡುಗಿ. ನಾನು ಮುಂದೆ ಬಗ್ಗಿ ನೋಡಿದೆ. ಮಾವ ಅದನ್ನು ಕೈಯಲ್ಲಿ ಕೂಡ ಹಿಡಿಯಲಿಲ್ಲ.

“ಮ್ಯಾಲಿಂದು ಬ್ಯಾಡ.”

“ಎಲ್ಲಾ ಒಂದೇ ಸರ್.”

“ಎಲ್ಲಾ ಒಂದ ಅನ್ನವ್ರ ಚೀಲ ನಾನು ಮೂವತ್ತು ವರ್ಷದಿಂದ ನೋಡಾಕತ್ತೀನಿ.”

ಹೀಗೆ ಹೇಳಿ ಚೀಲದಿಂದ ಕೊಳವಿ ತೆಗೆದರು. ಕೋಟಿನ ಹುಡುಗ ಎರಡು ಹೆಜ್ಜೆ ಹಿಂದೆ ಸರಿದು ಯುನೈಟೆಡ್ ಕಿಂಗ್‌ಡಮ್ಮಿನ ನಕ್ಷೆಗೆ ಬೆನ್ನು ಹಚ್ಚಿ ನಿಂತ. ಮಾವ ಕಟ್ಟಿನ ನಡುವನ್ನು ಬೆರಳಿಂದ ಅಳೆದು, ಕೊಳವಿಯ ಚೂಪು ತೂರಿಸಿ, ಮೆಲ್ಲಗೆ ಮೀಟಿ, ಒಂದು ಕಾಗದ ಎಳೆದರು. ಹಳದಿ ಬಣ್ಣದ ಒರಟು ಹಾಳೆ. ಕೋಟೆ ಇರಲಿಲ್ಲ, ಹುಡುಗಿ ಇರಲಿಲ್ಲ. ‘ಅಂಚೆ ಮೂಲಕ ಆರೇ ತಿಂಗಳಲ್ಲಿ ಇಂಗ್ಲಿಷ್ ಮಾತನಾಡಲು ಕಲಿಯಿರಿ’ ಅಂತ ತೆಲುಗಿನಲ್ಲಿ ಅಚ್ಚಾಗಿತ್ತು. ಮಾವ ಗಟ್ಟಿಯಾಗಿ ಓದಿದರು. ಇನ್ನೊಂದು ಕಡೆ ಮೀಟಿದರು. ಅದೂ ಹಳದಿ. ಅಮೆರಿಕದ ಮೇಜಿಗೆ ಹೋಗಿ ಮೀಟಿದರು. ಅಲ್ಲಿಯೂ ಹಳದಿ. ರಷ್ಯದವನು ಎದ್ದು ಕೂತ.

ಅಷ್ಟರಲ್ಲಿ ಮದುವೆ ಕುರ್ಚಿಯ ತಂದೆಯರೆಲ್ಲ ಎದ್ದು ಬಂದರು. “ನಮ್ಗೂ ನಡುವಿಂದು ತೆಗೀರಿ, ಯಜಮಾನ್ರ,” ಅಂದ ಒಬ್ಬ. ಮಾವ ಎಲ್ಲರಿಗೂ ಒಂದೊಂದು ತೆಗೆದು ಕೊಟ್ಟರು, ತೀರ್ಥ ಕೊಟ್ಟ ಹಾಗೆ. ಅವರು ಹಳದಿ ಹಾಳೆ ಹಿಡಿದು, ಮಕ್ಕಳನ್ನು ಹಿಡಿದು, ಬಾಯಿಗೆ ಬಂದದ್ದು ಅನ್ನುತ್ತ ಬಾಳೆಕಂಬದ ಕೆಳಗೆ ಹಾಯ್ದು ಹೊರಟುಹೋದರು. ಕಾಲು ಗಂಟೆಯಲ್ಲಿ ಮೂರು ದೇಶಗಳೂ ಖಾಲಿ.

ಉಳಿದವರು ನಾವಿಬ್ಬರು. ಜೊಳ್ಳು ಅನ್ನುವ ಮಾತು ಇನ್ನೇನು ಬಂತು, ನಾಳೆ ಸೋಮವಾರ, ಅಂತ ಅಷ್ಟೇ ನನ್ನ ತಲೆಯಲ್ಲಿ.

ಕೋಟಿನ ಹುಡುಗ ಸಿಟ್ಟಾಗುತ್ತಾನೆ ಅಂದುಕೊಂಡಿದ್ದೆ. ಅವನು ಕುರ್ಚಿಯಲ್ಲಿ ಕುಸಿದು ಟೈ ಸಡಿಲ ಮಾಡಿದ. ಮಾವ ಎದುರಿಗೆ ಕೂತು ತೆಲುಗಿನಲ್ಲಿ ಊರು ಯಾವುದು ಅಂತ ಕೇಳಿದರು. ಆದೋನಿ. ತೆಲುಗು ಶುರುವಾದದ್ದೇ ತಡ, ಹುಡುಗನ ವೆಲ್ಕಮ್ಮು, ಕ್ಯಾಂಡಿಡೇಟು ಎಲ್ಲ ಬೆವರಿನ ಜೊತೆ ಇಳಿದುಹೋದವು. ಅವನು ಲಂಡನ್ ನೋಡಿರಲಿಲ್ಲ. ಅವನ ಸಾಹೇಬ ನೋಡಿದ್ದಾನಂತೆ, ಆ ಸಾಹೇಬನನ್ನು ಇವನು ನೋಡಿರಲಿಲ್ಲ. ಮೊದಲು ಅಂಚೆಯಲ್ಲಿ ಇಂಗ್ಲಿಷ್ ಕಲಿಯಬೇಕು. ಕಲಿತವರಿಗೆ ಲಂಡನ್ನಿನ ಕಾಲೇಜುಗಳ ವಿಳಾಸ ಉಚಿತವಾಗಿ ಕೊಡುತ್ತಾರೆ. ಉಚಿತ ಅಂದರೆ ಅಷ್ಟೇ. ಮೈಮೇಲಿನ ಕೋಟು ಕಂಪನಿಯದು. ಮೂವರಿಗೆ ಎರಡು. ಕೋಟು ಸಿಗದ ರಷ್ಯದವನು ಅದಕ್ಕೇ ಮಲಗಿಬಿಟ್ಟಿದ್ದ.

“ನೀನೇನ್ ಓದೀಯಪ?” ಅಂತ ಮಾವ ಮತ್ತೆ ಕನ್ನಡಕ್ಕೆ ಬಂದರು. ಹುಡುಗನೂ ನಮ್ಮ ಕಡೆಯ ಕನ್ನಡದಲ್ಲೇ ಹೇಳಿದ.

“ಬಿ.ಎಸ್ಸಿ.ರಿ. ಬಾಟನಿ. ಎರಡು ತಿಂಗಳಾಯ್ತು ಈ ನೌಕರಿಗೆ ಬಂದು.”

ಬಾಟನಿ ಅಂದದ್ದು ಕೇಳಿ ನನಗೇನನ್ನಿಸಿತೋ, ಚೀಲದಿಂದ ರೆಕಾರ್ಡು ತೆಗೆದು ಮೇಜಿನ ಮೇಲಿಟ್ಟೆ. ಟೆಸ್ಟು ಪೇಪರನ್ನು ಮಾತ್ರ ಚೀಲದಲ್ಲೇ ಒತ್ತಿ ಹಿಡಿದೆ. ಹುಡುಗನಿಗೆ ಮೊದಲು ನಗು ಬಂತು. “ಎಲ್ಲಾರೂ ಮಾರ್ಕ್ಸ್ ಕಾರ್ಡ್ ತರ್ತಾರ…” ಅಂತ ಪುಟ ತಿರುವಿದವನು ಸೂರ್ಯಕಾಂತಿಯ ಕಾಂಡದ ಅಡ್ಡಸೀಳಿನ ಚಿತ್ರದ ಹತ್ತಿರ ನಿಂತ. ಆ ಚಿತ್ರಕ್ಕೆ ನಾನು ಮೂರು ದಿನ ಕೂತಿದ್ದೆ. ಸೂಕ್ಷ್ಮದರ್ಶಕದಲ್ಲಿ ಕಂಡ ಒಂದೊಂದು ಕೋಶವನ್ನೂ ಪೆನ್ಸಿಲ್ ಕೆತ್ತಿ ಕೆತ್ತಿ ಬರೆದಿದ್ದೆ. ಹುಡುಗ ಅದರ ಮೇಲೆ ಬೆರಳಾಡಿಸಿದ.

“ಇದು ನೀವ ಬರದದ್ದಾ? ನೋಡ್ಕೊಂಡು ನಕಲು ಮಾಡಿದ್ದಲ್ಲ ತಾನೆ?”

“ನಾನ ಸೀಳಿ, ನಾನ ನೋಡಿ ಬರದದ್ದು.”

“ನನಗ ಮೂರ್ ವರ್ಷದಾಗ ಒಂದ್ ಸಲಾನೂ ಇಷ್ಟು ತೆಳ್ಳಗ ಸೀಳಾಕ ಬರಲಿಲ್ಲ,” ಅಂದ. ಆ ಸ್ವರದಲ್ಲಿ ಲಂಡನ್ ಇರಲಿಲ್ಲ.

ಮಾವ ಅವನನ್ನೇ ನೋಡುತ್ತಿದ್ದರು. ಕಣ್ಣು ಸಣ್ಣಗಾಗಿತ್ತು.

“ಕೋಟು ತೆಗಿಯಪ,” ಅಂದರು.

“ಯಾಕ್ರಿ?”

“ತೆಗಿ ಅಂತೀನಿ. ಸೆಕಿ ಐತಿ.”

ಹುಡುಗ ಕೋಟು ತೆಗೆದ. ಒಳಗೆ ತೋಳಿನಲ್ಲಿ ತೇಪೆ ಹಾಕಿದ ಅಂಗಿ. ಮಾವ ಕುರ್ಚಿಯನ್ನು ಹತ್ತಿರ ಎಳೆದುಕೊಂಡರು.

“ಈಗ ಹೇಳು. ಈಕಿ ನಿನ್ನ ತಂಗಿ ಇದ್ರ ಏನ್ ಮಾಡ್ತಿದ್ದಿ?”

ಹುಡುಗ ರಷ್ಯದ ಕಡೆ ಒಮ್ಮೆ ನೋಡಿದ. ಅವನು ಮತ್ತೆ ತಲೆಯಿಟ್ಟಿದ್ದ. “ಧಾರವಾಡಕ್ಕ ಕಳಸ್ತಿದ್ದೆ, ತಾತಾ,” ಅಂದ ಮೆಲ್ಲಗೆ. “ಅಲ್ಲಿ ಎಂ.ಎಸ್ಸಿ. ಐತಿ. ಹೆಣ್ಣುಮಕ್ಕಳ ಹಾಸ್ಟೆಲ್ ಐತಿ. ಅರ್ಜಿ ಹಾಕಾಕ ಇನ್ನೂ ಹತ್ತು ದಿನ ಐತಿ. ನಾನೂ ಹಾಕಬೇಕಂತಿದ್ದೆ. ಮನಿಯಾಗ ಆಗಲಿಲ್ಲ.”

ಮಾವ ಅವನ ಭುಜ ತಟ್ಟಿ ಎದ್ದರು.

ಬಸ್ ಸ್ಟ್ಯಾಂಡಿನ ಹತ್ತಿರದ ಹೋಟೆಲಿನಲ್ಲಿ ನನಗೆ ಮಂಡಕ್ಕಿ ಒಗ್ಗರಣಿ, ಮಿರ್ಚಿ ಬಜ್ಜಿ ಕೊಡಿಸಿದರು. ತಾವು ತಿನ್ನಲಿಲ್ಲ. ಕೊಳವಿಯನ್ನು ಮೇಜಿನ ಮೇಲೆ ಇಟ್ಟು ಅದನ್ನೇ ಉರುಳಿಸುತ್ತ ಕೂತರು. ನಾನು ಅತ್ತರೆ ಹೇಗೆ ಅಂತ ಹೆದರಿದ್ದಾರೆ ಅಂದುಕೊಂಡೆ. ಹಾಗಿರಲಿಲ್ಲ.

“ನಮ್ಮ ಮಿಲ್ಲಿನ ದೊಡ್ಡ ಗಾಲಿ ಮ್ಯಾಲ ಲಂಡನ್ ಅಂತ ಎರಕ ಹೊಯ್ದದ್ದು ನೋಡೀಯಿಲ್ಲವ್ವ?” ಅಂದರು. “ಕೆಲಸಕ್ಕ ಸೇರಿದ ದಿನದಿಂದ ದಿನಾ ಬೆಳಿಗ್ಗಿ ಅದನ್ನ ಮುಟ್ಟಿ ಕೈ ಮುಗಿದು ಒಳಗ ಹೋಗ್ತೀನಿ. ಇಷ್ಟು ವರ್ಷದಾಗ ಒಂದಿನ ಕೆಟ್ಟಿಲ್ಲ ಅದು. ಅಂಥಾ ಊರಿಗೆ ನಮ್ಮ ಹುಡುಗಿ ಹೋಗ್ತಾಳಂತ… ನನಗೂ ಆಸಿ ಆಗಿತ್ತು.” ಕೊಳವಿಯನ್ನು ಚೀಲಕ್ಕೆ ಸೇರಿಸುತ್ತ ಅಂದರು. “ಇವತ್ತೊಂದಿನ ಮ್ಯಾಲಿಂದ ನೋಡಿ ಬಂದಿದ್ರ ನಡೀತಿತ್ತೇನೋ.”

ಮಿರ್ಚಿ ಖಾರವಿತ್ತು. ಕಣ್ಣಲ್ಲಿ ನೀರು ಬಂದದ್ದಕ್ಕೆ ಅದೇ ಕಾರಣ ಅಂತ ಇಬ್ಬರೂ ಒಪ್ಪಿಕೊಂಡೆವು.

ಮನೆಯಲ್ಲಿ ಅಪ್ಪ ಕಟ್ಟೆಯ ಮೇಲೆ ಕಾಯುತ್ತಿದ್ದ.

“ಏನಂತ್ರಿ ಮಾವಾರ, ಲಂಡನ್?”

“ಜೊಳ್ಳು.”

ಅಪ್ಪನ ಮುಖದಲ್ಲಿ ಬಂದ ಸಮಾಧಾನವನ್ನು ಅವನು ಮುಚ್ಚಿಡಲಿಲ್ಲ. “ಹಂಗಾದ್ರ ನಾಳೆ ಕುರುಗೋಡಿಗೆ…” ಅಂತ ಎದ್ದ.

“ತಡೀರಿ ಗುಮಾಸ್ತರ. ಒಂದ್ ಚೀಲ ಜೊಳ್ಳು ಬಂತಂತ ಇಡೀ ಗಾಡಿ ತಿರುಗಿ ಕಳಸ್ತೀರೇನು?”

“ಅಂದ್ರ?”

“ಧಾರವಾಡ ಅಂತ ಇನ್ನೊಂದ್ ಚೀಲ ಐತಿ. ಅದನ್ನ ನೋಡಿ ಬರ್ತೀನಿ. ಕುರುಗೋಡಿನವ್ರಿಗೆ ಗುರುವಾರ ಅಂತ ಹೇಳ್ರಿ.”

“ನಾಳೆ ಮಿಲ್ಲಿಗೆ ಗಾಡಿ ಬರ್ತಾವಲ್ರಿ!”

“ನಿಂದರ್‍ಲಿ.”

ಗಾಡಿ ಬರುವ ದಿನ ಮಾವ ರಜಾ ಹಾಕಿದ್ದು ನಮ್ಮಪ್ಪನಿಗೆ ತಿಳಿದಂತೆ ಅದೊಂದೇ ಸಲ. ಮೂರು ದಿನ ದೇಶನೂರಿನ ಗಾಡಿಗಳು ಮಿಲ್ಲಿನ ಮುಂದೆ ನಿಂತೇ ಇದ್ದವು. ಬೇರೆ ಯಾರು ಕಚ್ಚಿ ನೋಡಿದರೂ ಮಾಲಕರು ಒಪ್ಪಲಿಲ್ಲ. ಆ ಮೂರು ದಿನ ನಾನು ಮನೆಯ ಎಲ್ಲ ಕೆಲಸವನ್ನೂ ಎರಡೆರಡು ಸಲ ಮಾಡಿದೆ. ಅವ್ವ ಕೇಳಿದಳು, “ಒರಸಿದ ನೆಲಾನ ಯಾಕ ಒರಸ್ತಿ?” ನಾನು ಬಟ್ಟೆ ಹಿಂಡಿ ಇನ್ನೊಂದು ಮೂಲೆಗೆ ಸರಿದೆ.

ಬುಧವಾರ ಸಂಜೆ ಮಾವ ಬಂದರು. ರೈಲಿನ ಮಸಿ ಅಂಗಿಯ ತುಂಬ. ಅಕ್ಕಿ ಡಬ್ಬಿಯ ಕಡೆ ಹೋಗಲಿಲ್ಲ. ಅಪ್ಪನ ಎದುರಿಗೆ ಕೂತು ಜೇಬಿನಿಂದ ಒಂದು ಕಾಗದದ ಪೊಟ್ಟಣ ತೆಗೆದರು. ಒಳಗೆ ಒಂದು ಹಿಡಿ ಅಕ್ಕಿ.

“ಎಲ್ಲಿದ್ರಿ ಇದು?”

“ಹುಡುಗ್ಯಾರ ಹಾಸ್ಟೆಲ್ಲಿಂದು. ಅಡಿಗಿ ಮಾಡೋ ಹೆಣ್ಣುಮಗಳ ಕಡೆಯಿಂದ ಇಸ್ಕೊಂಡೆ. ಚೀಲದ ನಡುವಿಂದು.” ಒಂದು ಕಾಳು ಕಚ್ಚಿದರು. ಸದ್ದು ಅಷ್ಟಕ್ಕಷ್ಟೆ. “ನುಚ್ಚು ಐತಿ, ಖರೆ. ಅಕ್ಕಿ ಸುಮಾರು. ಆದ್ರ ನೋಡ್ರಿ, ಒಂದ್ ಕಲ್ಲಿಲ್ಲ. ಒಂದ್ ಹುಳ ಇಲ್ಲ. ಕೂತು ಆರಿಸ್ಯಾರ. ಯಾರ್‍ಯಾರದೋ ಮಕ್ಕಳಿಗೆ ಕಲ್ಲು ಆರಿಸಿ ಅನ್ನ ಹಾಕ್ತಾರಂದ್ರ…” ಮುಂದಿನ ಮಾತನ್ನು ಅವ್ವನ ಕಡೆ ನೋಡಿ ಬಿಟ್ಟುಬಿಟ್ಟರು. ಅವ್ವ ಬಾಗಿಲ ಹಿಂದಿನಿಂದ ಈಚೆ ಬಂದು ಪೊಟ್ಟಣದಲ್ಲಿ ಬೆರಳಾಡಿಸಿದಳು.

ಆಮೇಲೆ ಒಂದೊಂದಾಗಿ ಹೇಳಿದರು. ಹಾಸ್ಟೆಲ್ಲಿನ ಎದುರಿಗೆ ಚಹಾದ ಅಂಗಡಿಯಲ್ಲಿ ಒಂದು ಇಡೀ ಸಂಜೆ ಕೂತಿದ್ದರಂತೆ. ಹುಡುಗಿಯರ ಗುಂಪು ಬಂದಾಗ ಮುಂದಿನವರನ್ನು ಬಿಟ್ಟು, ಹಿಂದಿನವರನ್ನು ಬಿಟ್ಟು, ನಡುವಿನವಳನ್ನು ನಿಲ್ಲಿಸಿ ಹೇಗಿದೆಯವ್ವ ಇಲ್ಲಿ ಅಂತ ಕೇಳಿದ್ದಾರೆ. ಸಾರು ಬರೀ ನೀರು ಅಜ್ಜಾ, ಆದರೆ ಓದುವುದಕ್ಕೆ ಲೈಬ್ರರಿ ಛಲೋ ಇದೆ ಅಂದಳಂತೆ.

“ಸಾರಿಗೆ ಹೆಸರಿಟ್ಲಲ್ಲ, ಹಂಗಾದ್ರ ಲೈಬ್ರರಿ ಮಾತು ಖರೆ,” ಅಂದರು ಮಾವ.

ಅರ್ಜಿಯನ್ನೂ ತಂದಿದ್ದರು. ಕಟ್ಟಿನ ನಡುವಿನಿಂದ ಎಳೆದು ಕೊಡು ಅಂತ ಅಲ್ಲಿನ ಗುಮಾಸ್ತನ ಜೊತೆ ಜಗಳ ಮಾಡಿ ತಂದದ್ದು. ಅಪ್ಪ ಅರ್ಜಿ ನೋಡಲಿಲ್ಲ. ಪೊಟ್ಟಣದಿಂದ ತಾನೂ ಒಂದು ಕಾಳು ತೆಗೆದು ಕಚ್ಚಿದ. ಇಪ್ಪತ್ತು ವರ್ಷ ಅದೇ ಮಿಲ್ಲಿನಲ್ಲಿ ಇದ್ದರೂ ಅಪ್ಪ ಕಾಳು ಕಚ್ಚಿದ್ದನ್ನು ನಾನು ನೋಡಿರಲಿಲ್ಲ.

“ಎರಡ್ ವರ್ಷ,” ಅಂದ. “ಎರಡ ಮತ್ತ.”

ಅರ್ಜಿಯ ಜೊತೆ ಮಾರ್ಕ್ಸ್ ಕಾರ್ಡ್ ಕಡ್ಡಾಯ ಅಂತ ಬರೆದಿತ್ತು. ಮಾವನಿಗೆ ಅದು ಸರಿಬರಲಿಲ್ಲ. “ಇವ್ರಿಗೂ ಚೀಲದ ಬಾಯಿನ ಬೇಕಂತಲ್ಲ. ಹೋಗ್ಲಿ, ಕೊಡು,” ಅಂತ ಅವ್ವನ ಸೊಂಟದ ಕೀಲಿ ಇಸಿದುಕೊಂಡು ನನಗೆ ಕೊಟ್ಟರು.

ಕುರುಗೋಡಿನವರು ಎರಡು ವರ್ಷ ಕಾಯುವುದಿಲ್ಲ ಅಂದರು. ಸುದ್ದಿ ಕೇಳಿ ಮಾವ, “ಹಸಿ ಐತಿ, ಬಿಡ್ರಿ,” ಅಂದರು. ಎರಡು ತಿಂಗಳೊಳಗೆ ಆ ಹುಡುಗನಿಗೆ ಬೇರೆ ಕಡೆ ಮದುವೆಯಾಯಿತು. ಮಾವ ಊರಿನವರಲ್ಲವೆ, ಹೋಗಿ, ನಡು ಪಾತ್ರೆಯಿಂದ ಅನ್ನ ಹಾಕಿಸಿಕೊಂಡು ಉಂಡು ಬಂದರು.

ಧಾರವಾಡದಲ್ಲಿ ಸಾರು ಬರೀ ನೀರೇ ಇತ್ತು. ಉಳಿದದ್ದೂ ಆ ನಡುವಿನ ಹುಡುಗಿ ಹೇಳಿದ ಹಾಗೆಯೇ ಇತ್ತು. ಎಂ.ಎಸ್ಸಿ. ಮುಗಿಸಿ ನಾನು ಬಳ್ಳಾರಿಯ ಒಂದು ಹೆಣ್ಣುಮಕ್ಕಳ ಕಾಲೇಜಿನಲ್ಲಿ ಪಾಠ ಹೇಳಲು ಸೇರಿದೆ. ಎರಡನೇ ವರ್ಷವಿರಬೇಕು. ಒಂದು ಅಮಾವಾಸ್ಯೆಯ ದಿನ ಕಾಂಡದ ಅಡ್ಡಸೀಳಿನ ಪಾಠ ಮಾಡುತ್ತಿದ್ದೆ. ತರಗತಿಗೆ ವರಾಂಡದ ಕಡೆ ಮೂರು ಕಿಟಕಿ. ನಡುವಿನ ಕಿಟಕಿಯಲ್ಲಿ ಒಂದು ಬಿಳಿಯ ತಲೆ ಕಂಡಿತು. ಮಾವ ಗಂಟೆಯುದ್ದಕ್ಕೂ ಅಲ್ಲಿಯೇ ನಿಂತಿದ್ದರು. ನನ್ನ ಕೈಯಲ್ಲಿನ ಸೀಮೆಸುಣ್ಣ ಎರಡು ಸಲ ಮುರಿಯಿತು.

ಗಂಟೆ ಹೊಡೆದ ಮೇಲೆ ಹುಡುಗಿಯರು ಹೊರಬಿದ್ದರು. ಮೊದಲು ಬಂದವರನ್ನು ಮಾವ ಬಿಟ್ಟರು. ನಡುವೆ ಬಂದ ಒಬ್ಬಳನ್ನು ನಿಲ್ಲಿಸಿ, “ಇವತ್ತು ನಿಮ್ಮ ಟೀಚರ್ ಏನ್ ಹೇಳಿದ್ಲವ್ವ?” ಅಂತ ಕೇಳಿದರು. ಅವಳು ಹೇಳಿದಳು. ನೀರು ಯಾವ ದಾರಿಯಲ್ಲಿ ಮೇಲೆ ಹೋಗುತ್ತದೆ, ಆಹಾರ ಯಾವ ದಾರಿಯಲ್ಲಿ ಕೆಳಗೆ ಬರುತ್ತದೆ. ಮಾವ ತಲೆ ತಗ್ಗಿಸಿ, ಕಿವಿ ಕೊಟ್ಟು, ಪೂರ್ತಿ ಕೇಳಿದರು. ನಾನು ಬಾಗಿಲಲ್ಲಿ ನಿಂತಿದ್ದೆ, ಗಾಡಿ ತಂದ ರೈತನ ಹಾಗೆ.

“ಏನಂತೀರಿ ಮಾವ?”

“ಕಾಳ ಐತಿ,” ಅಂದರು. “ಇನ್ನೊಂದೀಟು ಒಣಗಬೇಕು.”

“ಎಷ್ಟು ದಿನ?”

“ನೆಲ್ಲಿಗಾದ್ರ ಎರಡು ಬಿಸಿಲು ಸಾಕು. ನಿನಗ… ನೋಡೋಣ. ಮತ್ತ ಬರ್ತೀನಿ.”

ಆಮೇಲೆ ಮನೆಗೆ ಎಷ್ಟೋ ಸಲ ಬಂದರು. ಅಕ್ಕಿ ಡಬ್ಬಿ ನೋಡಿದರು, ನನ್ನ ಮದುವೆಗೆ ಮೂರನೇ ಮನೆಯ ನೀರು ಕುಡಿದು ಬಂದರು. ಕಾಲೇಜಿಗೆ ಮಾತ್ರ ಬರಲಿಲ್ಲ. ನಾನು ಕೇಳಿದಾಗಲೆಲ್ಲ, “ಬರ್ತೀನಿ, ಬರ್ತೀನಿ. ಯಾವಾಗಂತ ಹೇಳಿ ಬಂದ್ರ ನೀನು ಮ್ಯಾಲ ಛಲೋ ಕಾಳ ಹಾಕಿಡ್ತಿ,” ಅನ್ನುತ್ತಿದ್ದರು. ಕೊನೆಗೆ ಹಲ್ಲೆಲ್ಲ ಬಿದ್ದುಹೋಗಿ, ಕಾಳನ್ನು ಎರಡು ಬೆರಳಲ್ಲಿ ಹಿಚುಕಿ ನೋಡುತ್ತಿದ್ದರು.

ಮಾವನ ಮಣ್ಣು ಮುಗಿಸಿಕೊಂಡು ಸಿರುಗುಪ್ಪದಿಂದ ಬಂದ ಮರುದಿನ ಕಾಲೇಜಿಗೆ ಹೋದೆ. ಹಾಜರಿ ಕರೆದಾದ ಮೇಲೆ ನಡುವಿನ ಬೆಂಚಿನ ನಡುವೆ ಕೂತಿದ್ದ ಹುಡುಗಿಯನ್ನು ಎಬ್ಬಿಸಿದೆ. ಅವಳು ಎಂದೂ ಕೈ ಎತ್ತಿದವಳಲ್ಲ, ಎಂದೂ ಗದ್ದಲ ಮಾಡಿದವಳಲ್ಲ. ಹೆಸರು ಕೂಡ ನನಗೆ ತಟ್ಟನೆ ನೆನಪಾಗಲಿಲ್ಲ.

“ಹೋದ ವಾರ ನಾನು ಏನ್ ಹೇಳಿದ್ದೆ, ಹೇಳವ್ವ.”

ಅವಳು ಎದ್ದು, ಪಕ್ಕದವರನ್ನು ನೋಡಿ, ಸೆರಗು ಸರಿಮಾಡಿಕೊಂಡು ಹೇಳಿದಳು. ಮುಕ್ಕಾಲು ಭಾಗ ಸರಿಯಿತ್ತು. ಉಳಿದದ್ದು ನುಚ್ಚು.

“ಕೂಡ್ರವ್ವ,” ಅಂದೆ. ಹೊಸ ಪಾಠಕ್ಕೆಂದು ತೆರೆದಿದ್ದ ಪುಸ್ತಕ ಮುಚ್ಚಿ, ಬೋರ್ಡು ಒರೆಸಿ, ಹೋದ ವಾರದ್ದನ್ನೇ ಮೊದಲಿನಿಂದ ಶುರುಮಾಡಿದೆ.